ಕೋರ್ಟಿನ ಕಮಾನು ನಿಲ್ಲಿಸಿದ ರೇಣವ್ವ

ಬೆಳಕು ಹರಿಯುವ ಹೊತ್ತು. ನಾಸಿಕ್‌ನ ಹಳೆಯ ಕೋರ್ಟಿನ ಅಂಗಳದಲ್ಲಿ ವಕೀಲರ ಕುರ್ಚಿಗಳಿನ್ನೂ ಖಾಲಿ. ಬೇವಿನ ಮರದ ಕೆಳಗೆ ಕಚ್ಚೆ ಬಿಗಿದು ಕುಳಿತ ರೇಣವ್ವ ಕರಿಕಲ್ಲಿನ ಮೇಲೆ ಉಳಿಯಿಟ್ಟು ಸುತ್ತಿಗೆ ಹಾಕುತ್ತಿದ್ದಾರೆ. ಹಾರುವ ಕಲ್ಲುಚೂರಿಗೆ ಕಣ್ಣು ಕಿರಿದಾಗುತ್ತದೆ, ಕೈ ಮಾತ್ರ ನಿಲ್ಲುವುದಿಲ್ಲ.

ಬ್ರಿಟಿಷರ ಕಾಲದ ಕಟ್ಟಡವಿದು. ದಪ್ಪ ಕಲ್ಲಿನ ಗೋಡೆ, ಆಳೆತ್ತರದ ಕಿಟಕಿ, ತೇಗದ ಮೆಟ್ಟಿಲು, ಮುಂಬಾಗಿಲಿಗೆ ದೊಡ್ಡ ಕಮಾನು. ಕಮಾನಿಗೆ ಕಬ್ಬಿಣವಿಲ್ಲ, ಒಂದಕ್ಕೊಂದು ಆತು ನಿಂತ ಕಲ್ಲುಗಳನ್ನು ನೆತ್ತಿಯ ನಡುಗಲ್ಲೇ ಹಿಡಿದಿಡಬೇಕು. ಕಳೆದ ವರ್ಷ, 1990ರ ಮಳೆಗಾಲದಲ್ಲಿ, ಆ ನಡುಗಲ್ಲು ಸೀಳಿತು. ಮರದ ಆಸರೆ ಕೊಟ್ಟು ಬಾಗಿಲು ಮುಚ್ಚಿದರು. ಕಮಾನು ಕೆಡವಿ ಸಿಮೆಂಟಿನ ತೊಲೆ ಹಾಕುವ ಮಾತೂ ಬಂತು.

ದುರಸ್ತಿಗೆ ಬಂದವರು ಮುದ್ದೇಬಿಹಾಳ ಕಡೆಯ ಕಲ್ಲುಕುಟಿಗರು. ರೇಣವ್ವನ ಗಂಡ ಸಾಯಬಣ್ಣ ಮಿಸ್ತ್ರಿ, ರೇಣವ್ವ ಬುಟ್ಟಿ ಹೊರುವಾಕೆ. ಹೊಸ ನಡುಗಲ್ಲಿಗೆ ಉಳಿ ತಾಗಿಸುವ ಮೊದಲೇ ಬಂಡೆಯೊಂದು ಜಾರಿ ಸಾಯಬಣ್ಣನ ಬಲಗೈ ಮುರಿಯಿತು. ಬೇರೆ ಮಿಸ್ತ್ರಿ ಸಿಗಲಿಲ್ಲ.

"ನಾ ಕೆತ್ತತೀನಿ ಅಂದೆ. ನಮ್ಮಪ್ಪ ಕಲ್ಲು ಕೆತ್ತಾಂವ್ರಿ. ಸಣ್ಣಾಕಿದ್ದಾಗ ಅವನ ಮಗ್ಗಲಕ್ಕ ಕುಂತು ಕಲತಿದ್ದೆ. ಮದುವಿ ಆದಮ್ಯಾಲೆ ಯಾರೂ ಕೈಯಾಗ ಉಳಿ ಕೊಡಲಿಲ್ಲ," ಎನ್ನುತ್ತಾರೆ ರೇಣವ್ವ.

ಗುತ್ತಿಗೆದಾರ ಮಧುಕರ ನಕ್ಕುಬಿಟ್ಟರು. "ಹೇ ಬಾಯಿಚಂ ಕಾಮ ನಾಹೀ," ಹೆಂಗಸರ ಕೆಲಸವಲ್ಲ ಇದು ಅಂದರು. ಕೈಗೆ ಪಟ್ಟಿ ಕಟ್ಟಿಕೊಂಡಿದ್ದ ಸಾಯಬಣ್ಣ ಎದ್ದು ಹೋದ. ತನ್ನ ಉಳಿಗಳ ಚೀಲ ತಂದು ಹೆಂಡತಿಯ ಮುಂದಿಟ್ಟ.

ಬೇರೆ ದಾರಿಯಿಲ್ಲದೆ ಮಧುಕರ ಒಪ್ಪಿದರು. ಮೊದಲ ಕಲ್ಲಿನ ಮೂಲೆ ಮುರಿಯಿತು. "ಅವತ್ತ ಭಾಳ ಅತ್ತೆರಿ. ಮರುದಿನ ಇನ್ನೊಂದ ಕಲ್ಲಿಗೆ ಕುಂತೆ." ಎರಡನೆಯದು ಕಮಾನಿನ ನೆತ್ತಿಗೆ ಅಳತೆ ತೆಗೆದಂತೆ ಕೂತಿತು.

ಆಸರೆ ಬಿಚ್ಚುವ ದಿನ ಕೋರ್ಟಿಗೆ ಕೋರ್ಟೇ ಅಂಗಳದಲ್ಲಿತ್ತು. ರೇಣವ್ವ ನೇರ ಹೋಗಿ ಕಮಾನಿನ ಅಡಿಯಲ್ಲೇ ನಿಂತರು. "ಬಾಯೀ, ಬಾಜೂಕ ಸರಿಯಿರಿ!" ಎಂದು ಮಧುಕರ ಕೂಗಿದರೂ ಕದಲಲಿಲ್ಲ. ಕೊನೆಯ ಮರ ಸರಿಯಿತು. ಒಂದು ಹರಳೂ ಉದುರಲಿಲ್ಲ. ಅಂಗಳವೆಲ್ಲ ಚಪ್ಪಾಳೆ. ಮಧುಕರ ಪೇಢೆ ತರಿಸಿ, ಮೊದಲನೆಯದನ್ನು ಅವರ ಕೈಗಿಟ್ಟು, "ಮಿಸ್ತ್ರಿ, ತಗೊಳ್ಳಿ" ಅಂದರು.

ಈಗ ಪಡಸಾಲೆಯ ಕಮಾನುಗಳೂ ರೇಣವ್ವನ ಪಾಲಿಗೇ. ಸಾಯಬಣ್ಣನ ಕೈ ಕೂಡಿದೆ, ಹಿಡಿತ ಮರಳಿಲ್ಲ. ಅವನು ಗೆರೆ ಹಾಕುತ್ತಾನೆ, ಇವರು ಕೆತ್ತುತ್ತಾರೆ.

ಇನ್ನೇನು ಆಸೆ ಎಂದು ಕೇಳಿದರೆ ಸೆರಗಿನಿಂದ ಮುಖದ ಪುಡಿ ಒರೆಸಿಕೊಳ್ಳುತ್ತಾರೆ.

"ಆಸಿ ಏನ್ರಿ? ಜಡ್ಜ್ ಸಾಹೇಬ್ರಿರಲಿ, ಬೇಡಿ ಹಾಕಿಸ್ಕೊಂಡಾಂವಿರಲಿ, ಎಲ್ಲಾರೂ ನನ್ನ ಕಲ್ಲಿನ ಕೆಳಗ ಹಾದಽ ಒಳಗ ಹೋಗಬೇಕು."