ನೆಜುವಿನ ಡಬ್ಬಿ ಡಿಸ್ಕು

ಜಪಾನಿನ ಉಯೆದಾ ಊರಿನ ನಮ್ಮ ಅಂಗಡಿ ಸಾಲಿನಲ್ಲಿ ಸೋಲುವ ಪಕ್ಷವನ್ನೇ ಹುಡುಕಿ ಹಿಡಿಯುವವನು ಯಾರೆಂದರೆ ಹಿದೆಯಾಕಿ ನೆಜು. ಟಿವಿ, ಫ್ರಿಜ್ಜು ಮಾರುತ್ತಿದ್ದ. ನನ್ನ ಕ್ಷೌರದಂಗಡಿ ಎದುರಿಗೇ ಇದ್ದುದರಿಂದ ಅವನ ಉಪನ್ಯಾಸ ನನಗೆ ಪುಕ್ಕಟೆಯಾಗಿ ಸಿಗುತ್ತಿತ್ತು. ಹಿಂದೆ ಊರೆಲ್ಲ ದೊಡ್ಡ ವಿಡಿಯೊ ಕ್ಯಾಸೆಟ್ಟು ಕೊಳ್ಳುವಾಗ ಇವನು ಚಿಕ್ಕದನ್ನು ಹೊಗಳುತ್ತ ಕೂತಿದ್ದ. ಚಿಕ್ಕದು ಮಣ್ಣಾಯಿತು. ಬುದ್ಧಿ ಬರಲಿಲ್ಲ.

ಆಮೇಲೆ ಡಿವಿಡಿ ಡಿಸ್ಕು ಬಂತು. ಕಂಪನಿಗಳು ಕಚ್ಚಾಡಿಕೊಂಡು, ನಾವೇ ಬರೆದುಕೊಳ್ಳುವ ಡಿಸ್ಕನ್ನು ಮೈನಸ್, ಪ್ಲಸ್, ರ‍್ಯಾಮ್ ಎಂದು ಮೂರು ಜಾತಿ ಮಾಡಿದ್ದವು. ಮನೆಗಳಲ್ಲಿದ್ದ ಯಂತ್ರಗಳಿಗೆ ಹೆಚ್ಚಾಗಿ ಒಗ್ಗುತ್ತಿದ್ದದ್ದು ಮೈನಸ್. ನೆಜು ಆರಿಸಿಕೊಂಡದ್ದು ರ‍್ಯಾಮ್. ಪ್ಲಾಸ್ಟಿಕ್ ಡಬ್ಬಿಯೊಳಗೆ ಕೂತಿರುವ, ಎಷ್ಟು ಸಲ ಬೇಕಾದರೂ ಅಳಿಸಿ ಬರೆಯಬಹುದಾದ ಡಿಸ್ಕು ಅದು. ಒಳ್ಳೆಯದೇ ಇರಬಹುದು. ಆದರೆ ಅದು ಓಡುವ ಯಂತ್ರ ಬೀದಿಯಲ್ಲಿ ಅವನೊಬ್ಬನ ಹತ್ತಿರ ಮಾತ್ರ ಇತ್ತು.

ಮಕ್ಕಳು ಸಾಲದೆ ನಮ್ಮ ಪ್ರಾಥಮಿಕ ಶಾಲೆ ಮುಚ್ಚುವುದೆಂದು ತೀರ್ಮಾನವಾಯಿತು. ಕೊನೆಯ ಕ್ರೀಡಾದಿನವನ್ನು ಚಿತ್ರೀಕರಿಸಿ ಮನೆಮನೆಗೆ ಕೊಡುತ್ತೇನೆಂದು ನೆಜು ಎದೆ ತಟ್ಟಿಕೊಂಡ. ಕೊಟ್ಟ ಕೂಡ. ಎಲ್ಲರಿಗೂ ಡಬ್ಬಿ ಡಿಸ್ಕು.

ಮಾರನೆಯ ದಿನ ತೋಫು ಅಂಗಡಿಯ ಇಸೊಬೆ ಅಮ್ಮ ಅದನ್ನು ಹಿಡಿದುಕೊಂಡು ನೆಜುವಿನ ಅಂಗಡಿಗೆ ಬಂದಳು. ನಾನೂ ಕತ್ತರಿ ಬದಿಗಿಟ್ಟು ಹೋದೆ.

"ನೆಜು ಅವ್ರೇ, ಇದು ನಮ್ಮ ಮಿಷಿನ್ನಿನ ಬಾಯೊಳಗೆ ಹೋಗ್ತಾನೇ ಇಲ್ಲ."

"ಹೋಗೋದು ಹೇಗೆ? ನಿಮ್ಮದು ಕೆಲಸಕ್ಕೆ ಬಾರದ ಮಿಷಿನ್ನು."

"ಡಬ್ಬಿ ಒಡೆದು ಹಾಕಲಾ?"

"ಒಡೆದ್ರೂ ಓದಲ್ಲ. ಒಳ್ಳೇ ಮಿಷಿನ್ನು ತಗೊಳ್ಳಿ, ತೋರಿಸ್ತೀನಿ ಬನ್ನಿ."

"ನನ್ನ ಮೊಮ್ಮಗಳು ಓಡಿದ್ದು ನೋಡೋಕೆ ನಾನು ನಿಮ್ಮ ಅಂಗಡೀನ ಹೊತ್ಕೊಂಡು ಹೋಗ್ಬೇಕಾ?"

ಅವನು ನಕ್ಕ. ಅಜ್ಞಾನಿಗಳ ನಡುವೆ ಸಿಕ್ಕಿಬಿದ್ದ ಪಂಡಿತನ ನಗು. ನನಗೆ ಮೈ ಉರಿಯಿತು.

"ಅದೇ ಮಿಷಿನ್ನಲ್ಲಿ ಮೈನಸ್ಸೂ ಬರೆಯುತ್ತಲ್ಲ ರೀ," ಎಂದಳು ಒಳಗಿನಿಂದ ಅವನ ಹೆಂಡತಿ ಸುಮಿಯೆ.

"ಬರೆಯುತ್ತೆ. ನಾನು ಬರೆಯಲ್ಲ. ಒಂದು ಸಲ ಬರೆದ್ರೆ ಮುಗೀತು ಅನ್ನೋ ಆ ದರಿದ್ರ ಡಿಸ್ಕನ್ನ ಮುಟ್ಟೋದೂ ಇಲ್ಲ."

ಆ ವಾರ ಅವನು ನಗೋಯಾದಲ್ಲಿ ವರ್ತಕರ ಸಭೆಯಿದೆಯೆಂದು ಹೋದ. ಸುಮಿಯೆ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಕೂತಳು. ಚಿತ್ರವನ್ನೆಲ್ಲ ಮೈನಸ್ ಡಿಸ್ಕುಗಳಿಗೆ ಇಳಿಸಿದಳು. ಬೇರೆ ಯಂತ್ರಗಳೂ ಓದಬೇಕಾದರೆ ಕೊನೆಯಲ್ಲಿ ಡಿಸ್ಕನ್ನು ಮುಕ್ತಾಯಗೊಳಿಸುವ ಗುಂಡಿ ಒತ್ತಬೇಕಂತೆ. ಮೊದಲನೆಯದರಲ್ಲಿ ಮರೆತು ಹಾಳು ಮಾಡಿಕೊಂಡಳು, ಉಳಿದವು ಸರಿಹೋದವು. ತಾನೇ ಮನೆಮನೆಗೆ ಹಂಚಿ ಬಂದಳು.

ನೆಜು ಹಿಂತಿರುಗಿದ ಸಂಜೆ ನಾವೆಲ್ಲ ಇಸೊಬೆ ಅಮ್ಮನ ಮನೆಯಲ್ಲಿ ಸೇರಿದ್ದೆವು. ಟಿವಿಯಲ್ಲಿ ಮಕ್ಕಳು ಹಗ್ಗ ಜಗ್ಗುತ್ತಿದ್ದರು; ಮುದುಕಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಅವನು ಬಾಗಿಲಲ್ಲಿ ನಿಂತು ಒಂದು ಗಳಿಗೆ ನೋಡಿದ.

"ಬಣ್ಣ ಮಂಕಾಗಿದೆ," ಎಂದ.

ಯಾರೂ ತಿರುಗಿ ನೋಡಲಿಲ್ಲ. ಒಳಗೆ ಬಂದು ಕೂತು, ಬಡಿಸಿದ ಉಪ್ಪಿನಕಾಯಿ ತಿಂದು, ಚಹಾ ಕುಡಿದು, ಚಿತ್ರ ಮುಗಿದ ಮೇಲೆ ಎಲ್ಲರಿಗೂ ಕೇಳುವಂತೆ, "ಹೀಗೆ ಎಲ್ಲರಿಗೂ ಆಗೋ ಹಾಗೆ ಮಾಡ್ಕೊಡು ಅಂತ ಇವಳಿಗೆ ನಾನೇ ಹೇಳಿ ಹೋಗಿದ್ದೆ," ಎಂದ.

ಸುಮಿಯೆ ಅವನ ಮುಖವನ್ನೇ ನೋಡಿದಳು. "ಹೌದು, ಹೇಳಿದ್ರು. ಆ ದರಿದ್ರ ಡಿಸ್ಕನ್ನ ಮುಟ್ಟೋದೂ ಇಲ್ಲ ಅಂದ್ರಲ್ಲ, ಅದೇ ನನಗೆ ಹಾಗೆ ಕೇಳಿಸ್ತು," ಎಂದಳು.

ಇಸೊಬೆ ಅಮ್ಮನಿಗೆ ನಗು ತಡೆಯಲಾಗಲಿಲ್ಲ, ನಮಗೂ. ಶಾಲೆ ಮುಚ್ಚಿದ ಆ ವಸಂತದಿಂದ ಅಂಗಡಿಯ ಮುಂದಿನ ಮೇಜಿಗೆ ಸುಮಿಯೆ ಬಂದು ಕೂತಳು. ನೆಜು ಹಿಂದಿನ ಕೋಣೆಯಲ್ಲಿ ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುತ್ತಿದ್ದ. ಗಿರಾಕಿಗಳು ಕೇಳಿದ ಡಿಸ್ಕನ್ನು ಅವಳು ಮಾತಿಲ್ಲದೆ ಎತ್ತಿ ಕೊಡುತ್ತಿದ್ದಳು.