ಮನಿಯಾರ್ಡರಿನ ಲೆಕ್ಕ

ಪಂಜದ ಹತ್ತಿರದ ಒಂದು ಸಣ್ಣ ಅಂಚೆ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಪೋಸ್ಟ್‌ಮಾಸ್ಟರಾಗಿದ್ದ ಅಚ್ಚುತಣ್ಣ ಎಷ್ಟು ಪ್ರಾಮಾಣಿಕರೆಂದರೆ, ಕೆಲವೊಮ್ಮೆ ನಮಗೆ ಅವರ ಪಕ್ಕ ಕೂರುವುದೇ ಕಷ್ಟವಾಗುತ್ತಿತ್ತು. ಮುಂಬೈಯ ಹೋಟೆಲುಗಳಿಂದ ಮನಿಯಾರ್ಡರ್ ಬರುತ್ತಿದ್ದ ಕಾಲದಲ್ಲಿ, ಹಣ ಕೊಡಲು ಹೋದ ಮನೆಯಲ್ಲಿ ಒಂದು ಲೋಟ ಚಹಾ ಕುಡಿದವರಲ್ಲ. "ಕಮಿಷನ್ ಕಳಿಸುವವ ಕೊಡುದು. ಪಡೆಯುವವನಿಗೆ ಒಂದು ರೂಪಾಯಿ ಕಡಿಮೆಯಾದರೆ ನಡುವಿನವ ತಿಂದ ಅಂತ ಲೆಕ್ಕ" ಎನ್ನುತ್ತಿದ್ದರು. ಊರಿಗೆಲ್ಲ ಈ ಮಾತು ಬಾಯಿಪಾಠ.

ನಿವೃತ್ತಿಯಾದ ಮೇಲೆ ಅವರಿಗೆ ಒಂದು ಕೆಲಸ ಸಿಕ್ಕಿತು. ಹೊರದೇಶದ ಯಾವುದೋ ಸಂಸ್ಥೆಗೆ, ನಮ್ಮ ಕಡೆ ಮನೆಗಳಲ್ಲಿ ಆಡುವ ಅರೆಭಾಷೆಯ ಮಾತುಗಳನ್ನು ರೆಕಾರ್ಡ್ ಮಾಡಿ ಕಳಿಸುವುದು. ಒಟ್ಟು ನೂರೈವತ್ತು ಡಾಲರ್. ಆ ಹಣ ನೇರ ಬ್ಯಾಂಕಿಗೆ ಬರುವುದಿಲ್ಲ. ನಡುವೆ ಇನ್ನೊಂದು ಆನ್‌ಲೈನ್ ಕಂಪೆನಿಯಲ್ಲಿ ಖಾತೆ ತೆರೆಯಬೇಕು, ಅದು ಡಾಲರನ್ನು ರೂಪಾಯಿ ಮಾಡಿ ಬ್ಯಾಂಕಿಗೆ ಹಾಕುತ್ತದೆ. ಕಡಬದ ಜೀಪ್ ಸ್ಟ್ಯಾಂಡಿನ ಎದುರು ಆನ್‌ಲೈನ್ ಸೆಂಟರ್ ಇಟ್ಟಿರುವ ಫೌಝಿಯಾ ಆ ಖಾತೆ ತೆರೆದುಕೊಟ್ಟಳು. ಅವಳು ತೆಗೆದುಕೊಂಡದ್ದು ಐವತ್ತು ರೂಪಾಯಿ.

ಹನ್ನೆರಡೂವರೆ ಸಾವಿರ ಬರಬೇಕಾದಲ್ಲಿ ಬಂದದ್ದು ಎಂಟು ಸಾವಿರದ ಒಂಬೈನೂರು. ಫೌಝಿಯಾ ಕಂಪೆನಿಗೆ ಮೂರು ಸಲ ಬರೆದಳು. ಮೂರು ಸಲವೂ 'ನಿಮ್ಮ ಪತ್ರ ತಲುಪಿದೆ, ಧನ್ಯವಾದ' ಎಂಬ ಒಂದೇ ಉತ್ತರ. ದುಡ್ಡು ಹಿಡಿಯಲು ಕೈ ಇದ್ದ ಆ ಕಂಪೆನಿಗೆ ಮಾತಾಡಲು ಬಾಯಿ ಇರಲಿಲ್ಲ. ಒಂದು ಫೋನ್ ನಂಬರ್ ಕೂಡ ಎಲ್ಲೂ ಕೊಟ್ಟಿರಲಿಲ್ಲ.

ಒಂದು ಸೋಮವಾರ ಅಚ್ಚುತಣ್ಣ ಅವಳ ಅಂಗಡಿಗೆ ಬಂದರು. ಪಹಣಿ ತೆಗೆಸಲು ನಾನೂ ಅಲ್ಲಿ ಬೆಂಚಿನಲ್ಲಿ ಕೂತಿದ್ದೆ. ಇನ್ನೂ ಮೂರು ಜನ ಇದ್ದರು.

"ಫೌಝಿಯಾ, ನಡುವೆ ಇರುದು ನೀನೊಬ್ಬಳೇ. ಎಷ್ಟು ಇಟ್ಟುಕೊಂಡೆ ಹೇಳು" ಎಂದರು. ದನಿ ಏರಿಸಲಿಲ್ಲ. ಅದಕ್ಕೇ ನಾವೆಲ್ಲ ನಂಬಿದೆವು.

"ನಾನು ಎಂತದ್ದೂ ತೆಗೀಲಿಲ್ಲ ಮಾಸ್ಟ್ರೆ. ಎಲ್ಲಿ ಹೋಯ್ತು ಅಂತ ಕಂಪೆನಿಯವರು ಹೇಳುದೇ ಇಲ್ಲ."

"ನಾನು ಸಾವಿರಾರು ಮನಿಯಾರ್ಡರ್ ಹಂಚಿದವ. ಹಣ ದಾರಿಯಲ್ಲಿ ತಾನಾಗಿ ಸವೆಯುದಿಲ್ಲ."

ಅವಳು ಡ್ರಾಯರ್ ಎಳೆದು ಮೂರು ಸಾವಿರದ ಆರುನೂರು ತೆಗೆದು ಮೇಜಿನ ಮೇಲಿಟ್ಟಳು. "ತಕೊಳ್ಳಿ. ಇವರ ಎದುರು ಇನ್ನು ಆ ಮಾತು ಬೇಡ."

ಅಚ್ಚುತಣ್ಣ ಎರಡು ಸಲ ಎಣಿಸಿ ಜೇಬಿಗೆ ಹಾಕಿಕೊಂಡರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಎಂದು ನಾವು ಹೊರಗೆ ಬಂದು ನಕ್ಕೆವು. ಆಮೇಲೆ ನಾನು ಪಹಣಿಗೆ ಬೇರೆ ಅಂಗಡಿ ನೋಡಿಕೊಂಡೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಹೀಗೆಯೇ.

ಆರು ವಾರ ಕಳೆದು ಕಂಪೆನಿಯ ಉತ್ತರ ಅಚ್ಚುತಣ್ಣನ ಫೋನಿಗೇ ಬಂತು. ವರ್ಷದ ಖಾತೆ ಶುಲ್ಕ, ಹಣ ಸ್ವೀಕರಿಸಿದ್ದಕ್ಕೆ ಶುಲ್ಕ, ರೂಪಾಯಿ ಮಾಡಿದ್ದಕ್ಕೆ ಶುಲ್ಕ, ಬ್ಯಾಂಕಿಗೆ ಹಾಕಿದ್ದಕ್ಕೆ ಶುಲ್ಕ. ಕೂಡಿಸಿದರೆ ಸರಿಯಾಗಿ ಮೂರು ಸಾವಿರದ ಆರುನೂರು. ಪಡೆಯುವವನಿಂದಲೇ ಕಮಿಷನ್ ಹಿಡಿಯುವ ಲೋಕವೂ ಇದೆಯೆಂದು ಅವರಿಗೆ ಅಂದು ತಿಳಿಯಿತು. ಊಟಕ್ಕೆ ಯಾಕೆ ಏಳುವುದಿಲ್ಲ ಎಂದು ಹೆಂಡತಿ ಶೀಲಾವತಿ ಕೇಳಿದ್ದಕ್ಕೆ, "ಕದ್ದದ್ದು ನಾನು" ಎಂದರಂತೆ.

ಮರುದಿನ ಬೆಳಿಗ್ಗೆಯೇ ಕಡಬಕ್ಕೆ ಬಂದು ಅದೇ ಬೆಂಚಿನಲ್ಲಿ ಕೂತರು. ಹನ್ನೊಂದಾಯಿತು, ಹನ್ನೆರಡಾಯಿತು.

"ಎಂತ ಕೆಲಸ ಉಂಟು ಮಾಸ್ಟ್ರೆ?" ಎಂದು ಫೌಝಿಯಾ ಕೇಳಿದಳಂತೆ.

"ಜನ ಬರಲಿ. ಕಂಪೆನಿಯ ಪತ್ರ ಬಂತು, ತಪ್ಪು ನನ್ನದೇ. ನಾಲ್ಕು ಜನರ ಎದುರು ಹೇಳಿದ್ದನ್ನು ನಾಲ್ಕು ಜನರ ಎದುರೇ ಹಿಂದೆ ತೆಗಿಬೇಕು."

ಅವಳು ಕಂಪ್ಯೂಟರಿನಿಂದ ಕಣ್ಣು ಕೀಳಲಿಲ್ಲ. "ಈಗ ಇಲ್ಲಿಗೆ ನಾಲ್ಕು ಜನ ಬರುದಿಲ್ಲ ಮಾಸ್ಟ್ರೆ" ಎಂದಳು.

ಅಚ್ಚುತಣ್ಣ ಅವಳ ನೋಟುಗಳನ್ನು ಮೇಜಿನ ಮೇಲಿಟ್ಟು, ರಸ್ತೆ ದಾಟಿ ಜೀಪ್ ಸ್ಟ್ಯಾಂಡಿಗೆ ಬಂದು ನಿಂತರು. "ನಾನು ಪಂಜದ ಪೋಸ್ಟ್ ಅಚ್ಚುತ. ಎದುರಿನ ಅಂಗಡಿಯ ಫೌಝಿಯಾ ನನ್ನ ಹಣ ತೆಗೆದಳು ಅಂತ ನಾನು ಹೇಳಿದ್ದು ಸುಳ್ಳು. ಅವಳ ಹಣವನ್ನು ನಾನು ತಿಂದೆ" ಎಂದರು. ಜೀಪಿಗೆ ಕಾಯುತ್ತಿದ್ದ ಪರವೂರಿನವರಿಗೆ ತಲೆಬುಡ ತಿಳಿಯಲಿಲ್ಲ. ಡ್ರೈವರ್ ಸುಜಯ್ ಬಂದು, "ನೀವು ಎಲ್ಲಿಗೆ ಹೋಗುದು?" ಎಂದು ಕೇಳಿದ.

ವಿಷಯ ಗೊತ್ತಿದ್ದವನು ಅಲ್ಲಿ ನಾನೊಬ್ಬನೇ. ಜೀಪಿನ ಹಿಂದಿನ ಸೀಟಿನಲ್ಲಿ ತಲೆ ತಗ್ಗಿಸಿ ಕೂತಿದ್ದೆ. ಬೇರೆ ಅಂಗಡಿಯಲ್ಲಿ ತೆಗೆಸಿದ ಪಹಣಿ ನನ್ನ ಕೈಯಲ್ಲಿತ್ತು.