ಬಾಟಲಿಯೊಳಗಿನ ಮೊಳೆ

ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಸಾಲಾಗಿ ನಿಂತಿರುವ ಬಾಟಲಿಗಳನ್ನು ತುಂಬಿಸುವವರು ಪ್ರೊಫೆಸರುಗಳಲ್ಲ, ಅಟೆಂಡರುಗಳು. ಅಲ್ಲಿ ಒಂದು ವರ್ಷ ಓದಿದವರಿಗೂ ಇದು ಗೊತ್ತಿರಬೇಕು. ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇರುವುದಕ್ಕೆ ನಾವು ವಿದ್ಯೆ ಎಂದು ಹೆಸರಿಟ್ಟಿದ್ದೇವೆ.

ಟ್ಯೂಬಕ್ಕ ಅಂಥ ಒಬ್ಬ ಅಟೆಂಡರು. ಟೆಸ್ಟ್ ಟ್ಯೂಬ್ ಒಡೆದಾಗಲೆಲ್ಲ "ಅಕ್ಕಾ, ಟ್ಯೂಬು" ಎಂದು ಕೂಗಿ ಕೂಗಿ ವಿದ್ಯಾರ್ಥಿಗಳೇ ಇಟ್ಟ ಹೆಸರು ಅದು. ಹನ್ನೆರಡನೇ ತರಗತಿಯವರೆಗೆ ಸೈನ್ಸ್ ಓದಿ, ಅಪ್ಪ ಹಾಸಿಗೆ ಹಿಡಿದಾಗ ಪುಸ್ತಕ ಮುಚ್ಚಿ, ಲ್ಯಾಬಿನ ಕಸ ಗುಡಿಸಲು ಸೇರಿದವಳು. ಇಪ್ಪತ್ತಮೂರು ವರ್ಷದಲ್ಲಿ ಪೊರಕೆಯಿಂದ ತಕ್ಕಡಿಗೆ, ತಕ್ಕಡಿಯಿಂದ ಬಾಟಲಿಗಳಿಗೆ ಬಂದಳು. ಮುಚ್ಚಳ ಸಡಿಲಿಸಿದರೆ ಸಾಕು, ಬೆನ್ನು ತಿರುಗಿಸಿ ನಿಂತೇ ಒಳಗೇನಿದೆ ಎಂದು ಹೇಳಬಲ್ಲಳು. ಆಕೆಯ ಬಲಗೈ ಹೆಬ್ಬೆರಳಿನ ಉಗುರು ನೈಟ್ರಿಕ್ ಆಮ್ಲ ತಾಗಿ ತಾಗಿ ಹಳದಿಯಾಗಿದೆ. ಕರೆದು ಇದು ಯಾವ ಲವಣ ಎಂದು ಕೇಳುವ ವಿದ್ಯಾರ್ಥಿಗಳಿಗೆ ಆಕೆ ಹೇಳುವುದಿಲ್ಲ. "ಇನ್ನೊಂದು ಸಲ ಕಾಯ್ಸಿ ನೋಡಪ್ಪಾ" ಎನ್ನುತ್ತಾಳೆ. ಅಷ್ಟು ಹೇಳಿದ್ದಕ್ಕೂ ಬೈಸಿಕೊಂಡಿದ್ದಾಳೆ. ಪಾಠ ಹೇಳುವುದು ಅಟೆಂಡರ್ ಕೆಲಸವಲ್ಲ.

ಅದಕ್ಕೇ ಆಕೆಗೆ ಲ್ಯಾಬ್ ಇನ್‌ಸ್ಟ್ರಕ್ಟರ್ ಹುದ್ದೆ ಬೇಕಿತ್ತು. ಕೆಲಸ ಹೆಚ್ಚುಕಡಿಮೆ ಅದೇ, ಆದರೆ ಹೇಳಿಕೊಡುವ ಅಧಿಕಾರ ಇರುತ್ತದೆ. ಅದಕ್ಕೆ ಇಲಾಖೆಯ ಇನಾರ್ಗ್ಯಾನಿಕ್ ಕೆಮಿಸ್ಟ್ರಿ ಪತ್ರಿಕೆ ಪಾಸಾಗಬೇಕು. ಮೂರೇ ಅವಕಾಶ. ಆಕೆ ಎರಡು ಸಲ ಫೇಲಾಗಿದ್ದಳು, ಇಪ್ಪತ್ತೆಂಟು ಅಂಕ ಒಮ್ಮೆ, ಮೂವತ್ತೊಂದು ಇನ್ನೊಮ್ಮೆ. ಮೂವತ್ತೈದು ಬೇಕು.

ಪಾಠ ಹೇಳಲು ಸಿಕ್ಕವರು ಅದೇ ವಿಭಾಗದ ಮುಖ್ಯಸ್ಥರಾಗಿ ನಿವೃತ್ತರಾದ ಬ್ಯಾಲೆನ್ಸ್ ಮೇಷ್ಟ್ರು. ಸಮೀಕರಣ ಬ್ಯಾಲೆನ್ಸ್ ಮಾಡದವನಿಗೆ ಊಟವೇ ಸೇರಬಾರದು ಎನ್ನುತ್ತಿದ್ದವರು. ಸಿಕ್ಕಿದ್ದೂ ಅವರಾಗಿ ಅಲ್ಲ. ತರಕಾರಿ ಅಂಗಡಿಯಲ್ಲಿ ಅವರ ಹೆಂಡತಿ ಟ್ಯೂಬಕ್ಕನ ಕಥೆ ಕೇಳಿ, "ನೀನು ದಿನಾ ಸಾಯಂಕಾಲ ಬಾಮ್ಮ. ಮನೇಲಿ ಕೂತು ನನ್ನ ಅಡುಗೆಗೆ ಮಾರ್ಕ್ಸ್ ಹಾಕ್ತಿದಾರೆ. ನಂಗೂ ಒಂದು ಗಂಟೆ ಬಿಡುವು ಸಿಗತ್ತೆ" ಎಂದಿದ್ದರು.

ಮೊದಲ ದಿನ ಮೇಷ್ಟ್ರು ಕುರ್ಚಿಯಲ್ಲಿ ಕೂತರು. ಟ್ಯೂಬಕ್ಕ ನಿಂತೇ ಇದ್ದಳು. ಅವರೆದುರು ಆಕೆ ಕೂತದ್ದೇ ಇಲ್ಲ, ಕೂರು ಎನ್ನಲು ಅವರಿಗೂ ಹೊಳೆಯಲಿಲ್ಲ.

"ನಿಂತ್ಕೊಂಡು ಕಲಿಯೋಕೆ ಇದೇನು ಬಸ್ಸಾ?" ಎಂದು ಮೇಷ್ಟ್ರ ಹೆಂಡತಿ ಇನ್ನೊಂದು ಕುರ್ಚಿ ಎಳೆದು ಹಾಕಿದರು.

ಪಾಠ ಎಂದರೆ ಉಕ್ತಲೇಖನ. ಮೇಷ್ಟ್ರು ಕಣ್ಣು ಮುಚ್ಚಿ ಹೇಳುವುದು, ಆಕೆ ಬರೆದುಕೊಳ್ಳುವುದು.

"ಉತ್ಕರ್ಷಣ ಅಂದ್ರೆ ಎಲೆಕ್ಟ್ರಾನ್ ಕಳ್ಕೊಳ್ಳೋದು. ಬರ್ಕೋ."

"ಕಳ್ಕೊಂಡಾಗ ಕಣ್ಣಿಗೆ ಏನು ಕಾಣತ್ತೆ ಸಾರ್?"

"ಕಣ್ಣಿಗೆ ಕಾಣೋದನ್ನ ಪರೀಕ್ಷೇಲಿ ಕೇಳಲ್ಲಮ್ಮ. ಬರ್ಕೋ."

ಮೂರು ವಾರ ಹೀಗೇ ಹೋಯಿತು. ಬರೆದದ್ದನ್ನು ಆಕೆ ತನ್ನ ಮನೆಯಲ್ಲಿ ಪಾತ್ರೆ ಉಜ್ಜುತ್ತಾ ಗಿಳಿಯಂತೆ ಒಪ್ಪಿಸುತ್ತಿದ್ದಳು. ಹೊಲಿಗೆ ಮಷೀನಿನ ಮುಂದಿದ್ದ ಗಂಡ, "ಯಾರ ಮೇಲೆ ಮಂತ್ರ ಹಾಕ್ತಿದೀಯೆ?" ಎನ್ನುತ್ತಿದ್ದ. ಮಾರನೇ ದಿನ ಮೇಷ್ಟ್ರು ಅದನ್ನೇ ತುಸು ತಿರುಗಿಸಿ ಕೇಳಿದರೆ ಎಲ್ಲ ಗಾಳಿಗೆ ತೂರಿದ ಹೊಟ್ಟು. ಮೇಷ್ಟ್ರು ನೋಟ್‌ಬುಕ್ ಟಪ್ಪೆಂದು ಮುಚ್ಚುತ್ತಿದ್ದರು.

"ನಿನ್ನ ತಲೇಗೆ ಇದು ಕಬ್ಬಿಣದ ಕಡಲೆ."

"ನಲವತ್ತು ವರ್ಷ ಪಾಠ ಮಾಡಿದೀರಿ," ಒಳಗಿನಿಂದ ಹೆಂಡತಿಯ ದನಿ. "ಬೇಯಿಸಿ ಕೊಡೋದು ಕಲೀಲೇ ಇಲ್ವಲ್ಲ."

ನಾಲ್ಕನೇ ವಾರ ಮೇಷ್ಟ್ರು ಹಳೆಯ ಪ್ರಶ್ನೆಪತ್ರಿಕೆ ತೆಗೆದರು. ನೈಟ್ರೇಟ್ ಲವಣವನ್ನು ಪತ್ತೆ ಹಚ್ಚುವ ಪರೀಕ್ಷೆ: ಫೆರಸ್ ಸಲ್ಫೇಟ್ ದ್ರಾವಣ ಬೆರೆಸಿ, ಟ್ಯೂಬಿನ ಅಂಚಿನಿಂದ ಸಲ್ಫ್ಯೂರಿಕ್ ಆಮ್ಲ ಮೆಲ್ಲಗೆ ಇಳಿಬಿಟ್ಟರೆ ನಡುವೆ ಕಂದು ಉಂಗುರ ಮೂಡುತ್ತದೆ.

"ಫೆರಸ್ ಸಲ್ಫೇಟನ್ನ ಆಗ ತಾನೇ ತಯಾರಿಸಿರಬೇಕು. ಯಾಕೆ?"

"ಹಳೇದಕ್ಕೆ ಉಂಗುರ ಬರಲ್ಲ ಸಾರ್."

"ಅದು ಉತ್ತರ ಅಲ್ಲ. ಯಾಕೆ ಬರಲ್ಲ?"

"ಹಸಿರು ಹೋಗಿ ಹಳದಿಗೆ ತಿರುಗಿರತ್ತೆ."

"ತಿರುಗಿದ್ರೆ?"

"ಮೊಳೆ ಹಾಕ್ಬೇಕು."

ಮೇಷ್ಟ್ರು ಕಣ್ಣು ತೆರೆದರು. "ಯಾವ ಮೊಳೆ?"

"ಕಬ್ಬಿಣದ್ದು ಸಾರ್. ಉಪ್ಪುಕಾಗದದಲ್ಲಿ ಉಜ್ಜಿ, ಎರಡು ತೊಟ್ಟು ಆಸಿಡ್ ಬಿಟ್ಟು, ಬಾಟ್ಲಿ ಒಳಗೆ ಹಾಕಿಡೋದು. ವಾರ ಆದ್ರೂ ಹಸಿರು ಹೋಗಲ್ಲ. ನಂಗಿಂತ ಮುಂಚೆ ಇದ್ದ ಅಟೆಂಡರ್ ತಾತ ಹೇಳ್ಕೊಟ್ಟಿದ್ದು."

ಮೇಷ್ಟ್ರು ಪೆನ್ನು ತೆಗೆದುಕೊಂಡರು. ಹಸಿರು ಎಂದರೆ ಎರಡು ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣ, ಅದಕ್ಕೆ ಎರಡು ಪ್ಲಸ್. ಹಳದಿ ಎಂದರೆ ಮೂರು ಕಳೆದುಕೊಂಡದ್ದು, ಮೂರು ಪ್ಲಸ್. ಗಾಳಿಗೆ ಬಿಟ್ಟರೆ ಎರಡಿದ್ದದ್ದು ಮೂರಾಗುತ್ತದೆ. ಮೊಳೆಯ ಕಬ್ಬಿಣ ಏನೂ ಕಳೆದುಕೊಂಡಿಲ್ಲ, ಸೊನ್ನೆ. ಅದು ತನ್ನ ಎಲೆಕ್ಟ್ರಾನನ್ನು ಕೊಟ್ಟು ಮೂರನ್ನು ಮತ್ತೆ ಎರಡಕ್ಕೆ ಇಳಿಸುತ್ತದೆ. ಬರೆದು ಮುಗಿಸುವ ಮೊದಲೇ ಟ್ಯೂಬಕ್ಕ ಅವರ ಕೈಯಿಂದ ಪೆನ್ನು ತೆಗೆದುಕೊಂಡಳು. ತೆಗೆದುಕೊಂಡದ್ದು ಆಕೆಗೇ ತಿಳಿಯಲಿಲ್ಲ.

"ಈ ಕಡೆ ಹಳದಿ ಎರಡು ತಗೊಂಡ್ರೆ ಎರಡ್ ಮೂರ್ಲೆ ಆರು. ಮೊಳೆ ಒಂದು, ಅದಕ್ಕೆ ಸೊನ್ನೆ. ಆ ಕಡೆ ಹಸಿರು ಮೂರು, ಮೂರ್ ಎರಡ್ಲೆ ಆರು. ಸರಿಹೋಯ್ತಲ್ಲ ಸಾರ್?"

ಸರಿಹೋಗಿತ್ತು. ಇಷ್ಟು ವರ್ಷ ಕೈ ಮಾಡಿದ ಕೆಲಸಕ್ಕೆ ಎರಡು ನಿಮಿಷದಲ್ಲಿ ಹೆಸರು ಸಿಕ್ಕಿತ್ತು. ಆಕೆ ಕಾಗದವನ್ನೇ ನೋಡುತ್ತಾ, ದೂರುವ ದನಿಯೂ ಇಲ್ಲದೆ, ನೆನಪಾದದ್ದನ್ನು ಹೇಳಿದಳು:

"ಈ ಮೊಳೆಗೇ ಅಲ್ವಾ ಸಾರ್, ನೀವು ನಂಗೆ ಮೆಮೊ ಕೊಟ್ಟಿದ್ದು."

ಒಂಬತ್ತು ವರ್ಷದ ಹಿಂದಿನ ಮಾತು. ಹೊರಗಿನಿಂದ ಬಂದ ಪರೀಕ್ಷಕರೊಬ್ಬರು ಬಾಟಲಿ ಎತ್ತಿ, "ಇದೇನ್ರೀ, ನಿಮ್ಮಲ್ಲಿ ಹಾರ್ಡ್‌ವೇರ್ ಅಂಗಡೀನೂ ಇದೆಯಾ?" ಎಂದು ನಕ್ಕಿದ್ದರು. ಮೇಷ್ಟ್ರ ಮುಖ ಕೆಂಪಾಗಿತ್ತು. ಮೊಳೆ ಯಾಕೆ ಎಂದು ಆಕೆ ಹೇಳಲು ಬಂದಾಗ, "ನಂಗೇ ಕೆಮಿಸ್ಟ್ರಿ ಹೇಳ್ಕೊಡ್ತೀಯಾ?" ಎಂದು ಬಾಯಿ ಮುಚ್ಚಿಸಿದ್ದರು. ಒಂದು ಗಂಟೆಯೊಳಗೆ ಕಾಗದ ಕೈಗೆ ಬಂತು: ದ್ರಾವಣದಲ್ಲಿ ಅನ್ಯವಸ್ತು, ಕರ್ತವ್ಯಲೋಪ. ಅಂದು ಮೂವತ್ತು ವಿದ್ಯಾರ್ಥಿಗಳ ಮೂವತ್ತು ಟ್ಯೂಬಿನಲ್ಲೂ ಉಂಗುರ ಮೂಡಿತ್ತು. ಅದನ್ನು ಯಾರೂ ಬರೆದಿಡಲಿಲ್ಲ.

ಮೇಷ್ಟ್ರು ಬಹಳ ಹೊತ್ತು ಕನ್ನಡಕ ಒರೆಸಿದರು. ಕೊನೆಗೆ, "ನಾನು ಆವತ್ತು ಕೇಳ್ಬೇಕಿತ್ತು," ಎಂದರು. ಅಷ್ಟು ದೊಡ್ಡ ಮಾತು ಆ ಬಾಯಿಂದ ಬಂದದ್ದನ್ನು ಕೇಳಿ ಹೆಂಡತಿ ಬಾಗಿಲಿಗೆ ಬಂದು ನಿಂತರು.

ಆಮೇಲೆ ಪಾಠದ ದಾರಿಯೇ ಬದಲಾಯಿತು. ಆಕೆ ಕಂಡ ಬಣ್ಣ, ವಾಸನೆ, ಗಸಿ ಹೇಳುವುದು. ಅವರು ಅದಕ್ಕೆ ಅಂಕಿ, ಅಕ್ಷರ ಕೊಡುವುದು. ಕೆಲವು ಸಲ ಅವರೇ, "ಹೌದಾ, ಹಂಗಾಗತ್ತಾ?" ಎಂದು ಬರೆದುಕೊಂಡರು. ಪರೀಕ್ಷೆಯಲ್ಲಿ ಆ ಉಂಗುರದ ಪ್ರಶ್ನೆಯೇ ಬಂತು, ಆಕೆ ಮೊಳೆಯ ಸಮೀಕರಣವನ್ನೂ ಬರೆದಳು. ಟ್ಯೂಬಕ್ಕನಿಗೆ ಬಂದದ್ದು ಅರವತ್ತೇಳು.

ಕಥೆ ಇಲ್ಲಿಗೆ ಮುಗಿದಿದ್ದರೆ ಕೈ ಮುಗಿದು ಎದ್ದು ಹೋಗಬಹುದಿತ್ತು. ಕಚೇರಿಯ ಗುಮಾಸ್ತ ಅಂಕಪಟ್ಟಿಯನ್ನು ಪಕ್ಕಕ್ಕಿಟ್ಟು ಆಕೆಯ ಕಡತ ಬಿಚ್ಚಿದ.

"ಕರ್ತವ್ಯಲೋಪದ ಮೆಮೊ ಇದೆಯಲ್ಲಕ್ಕಾ. ಇದಿದ್ರೆ ಪಟ್ಟಿಗೆ ಹೆಸರು ಸೇರಿಸೋಕಾಗಲ್ಲ. ಕೊಟ್ಟವರೇ ತಪ್ಪಾಯ್ತು ಅಂತ ಎರಡು ಸಾಲು ಬರ್ದುಕೊಟ್ರೆ ಆಯ್ತು. ಶುಕ್ರವಾರ ಪಟ್ಟಿ ಮುಚ್ಚತ್ತೆ."

ಎರಡು ಸಾಲು ತಾನೇ, ಎಂದು ಆಕೆ ಅಲ್ಲಿಂದ ಸೀದಾ ಮೇಷ್ಟ್ರ ಮನೆಗೆ ನಡೆದಳು. ಅಂದು ಸೋಮವಾರ. ಮೇಷ್ಟ್ರು "ನೋಡೋಣ" ಎಂದರು. ಮಂಗಳವಾರ ಹೋದಳು, ಮೇಷ್ಟ್ರಿಗೆ ತಲೆನೋವು. ಬುಧವಾರ ಮೇಷ್ಟ್ರು ಕೂರಿಸಿಕೊಂಡು ವಿವರಿಸಿದರು.

"ನೋಡಮ್ಮ, ಆ ಪರೀಕ್ಷಕರು ಈಗ ಪರೀಕ್ಷಾ ಮಂಡಳೀಲೇ ಇದಾರೆ. ಮೊಳೆ ಸರಿ ಇತ್ತು ಅಂತ ಈಗ ಬರೆದ್ರೆ, ವಿಭಾಗದ ಮುಖ್ಯಸ್ಥನಿಗೇ ಗೊತ್ತಿರಲಿಲ್ಲ ಅಂತಾಗತ್ತೆ."

"ಗೊತ್ತಿರಲಿಲ್ವಲ್ಲ ಸಾರ್."

"ನಿಂಗೆ ಪುಕ್ಕಟೆ ಪಾಠ ಹೇಳಿಲ್ವಾ? ಪಾಸಾಗಲಿಲ್ವಾ? ಇನ್ನೇನು ಮಾಡ್ಲಿ?"

"ಪಾಸಾಗಿರೋದು ಮೊಳೆ ಸರಿ ಅಂತ ಬರೆದಿದ್ದಕ್ಕೆ ಸಾರ್. ನಾನು ಬರೆದ್ರೆ ಮಾರ್ಕ್ಸು, ನೀವು ಬರೆದ್ರೆ ಮಾನ ಹೋಗೋದಾ?"

ಹೆಂಡತಿ ಒಂದು ಬಿಳಿ ಹಾಳೆ, ಒಂದು ಪೆನ್ನು ತಂದು ಮೇಷ್ಟ್ರ ಮುಂದಿಟ್ಟರು. ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ತೆಗೆದರು. "ನಾಳೆ ಬಾ," ಎಂದರು.

ಇವತ್ತು ಗುರುವಾರ. ಟ್ಯೂಬಕ್ಕ ಬೆಳಿಗ್ಗೆಯೇ ಹೋಗಿ ಬಂದಳು. ಹಾಳೆ ಹಾಗೇ ಇದೆ. ನಲವತ್ತು ವರ್ಷ ಬೇರೆಯವರ ತಪ್ಪಿಗೆ ಕೆಂಪು ಗೆರೆ ಎಳೆದ ಕೈಗೆ ತನ್ನ ತಪ್ಪಿನ ಎರಡು ಸಾಲು ಹೊರುವ ಶಕ್ತಿ ಇಲ್ಲ.

ಮೇಷ್ಟ್ರನ್ನು ಬಯ್ದು ಓದುತ್ತಿರುವ ಪೇಪರ್ ಮಡಚಿಡಬೇಡಿ. ನೀವೂ ಯಾವುದೋ ಕುರ್ಚಿಯಲ್ಲಿ ಕೂತು, ಯಾರದೋ ಮಾತು ಪೂರ್ತಿ ಕೇಳದೆ, ಸಿಟ್ಟಿನಲ್ಲಿ ಸಹಿ ಹಾಕಿದ್ದೀರಿ. ಯಾರಿಗೆ, ಯಾವ ದಿನ, ಯಾವ ಕಾಗದ ಎಂದು ನಿಮಗೆ ಚೆನ್ನಾಗಿ ಗೊತ್ತು. ಒಂದು ಹಾಳೆ ತಗೊಳ್ಳಿ. ತಪ್ಪು ನನ್ನದು ಎಂದು ಬರೆಯಿರಿ, ಸಹಿ ಹಾಕಿ, ಅವರ ಕೈಗೇ ಕೊಡಿ. ನಾಳೆ ಕಚೇರಿ ಮುಚ್ಚುವುದರೊಳಗೆ.